ಎರಡು ಗಂಟೆಯ ಮೇಲೆ ಹೊಳೆ ದಾಟಬಾರದು

ವಿವೇಕನಗರದ ಮೂರನೇ ಮಹಡಿ. ಡಿಸೆಂಬರ್.
ಗೀಸರ್ ಬಿಚ್ಚಿ ಕೂತಿದ್ದೇನೆ ಬಚ್ಚಲಲ್ಲಿ.
ಮನೆಯಾಕೆ ಶಾಲು ಹೊದ್ದು ಬಾಗಿಲಲ್ಲಿ ನಿಂತು
"ಏನು ಚಳಿ ಅಲ್ವಾ ಚೌರಪ್ಪನವರೇ, ಹದಿನಾಲ್ಕಂತೆ ಇವತ್ತು!"
ಹೂಂ ಅಂದೆ.
ಹದಿನಾಲ್ಕೂ ಚಳಿಯೇ. ಯಾರ ಚಳಿಯನ್ನೂ
ಸುಳ್ಳು ಅನ್ನಬಾರದು.

ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದೆ,
ಅದಕ್ಕೇ ಹೆಚ್ಚು ಮಾತಾಡಲಿಲ್ಲ.
ದ್ರಾಸ್‌ನಿಂದ ಮೇಲೆ, ಬರೀ ನಂಬರಿನ ಆ ಕ್ಯಾಂಪಿನಲ್ಲಿ
ಹೀಗೇ ಸ್ಕ್ರೂ ಕಚ್ಚಿದವನೊಬ್ಬ ತುಟಿಯ ತೊಗಲನ್ನು
ಅದಕ್ಕೇ ಬಿಟ್ಟುಕೊಟ್ಟಿದ್ದ. ನಾನೇ ಅವನು.
ಇಪ್ಪತ್ತೆರಡು ವಯಸ್ಸು. ಅಲ್ಲಿ ಕಬ್ಬಿಣಕ್ಕೆ ಹಲ್ಲಿರುತ್ತೆ ಅಂತ
ಬೇಗೂರಿನಲ್ಲಿ ಹುಟ್ಟಿದವನಿಗೆ ಯಾರು ಹೇಳಿದ್ದರು?

ನನ್ನ ಕೆಲಸ ಬುಖಾರಿ. ತಗಡಿನ ಒಲೆ,
ಸೀಮೆಎಣ್ಣೆ ತೊಟತೊಟ ಇಳಿಯುವ ಕೊಳವೆ.
ಮೂವತ್ತೊಂದು ಬುಖಾರಿಗೆ ಒಬ್ಬ ಫಿಟ್ಟರ್,
ಒಬ್ಬ ಹೆಲ್ಪರ್, ರಿಗ್ಜಿನ್.
ಅವನಿಗೆ ಬರುತ್ತಿದ್ದ ಕನ್ನಡ ಎರಡೇ ಮಾತು,
"ಊಟ ಆಯ್ತಾ", ಮತ್ತೆ ಒಂದು ಬೈಗುಳ.
ಎರಡನ್ನೂ ಒಂದೇ ನಗುವಲ್ಲಿ ಹೇಳುತ್ತಿದ್ದ.

ಆ ಜನವರಿ ಥರ್ಮಾಮೀಟರಿನ ಕೆಂಪು ಗೆರೆ
ಸೊನ್ನೆಗೂ ಮೂವತ್ತು ಕೆಳಗೆ ಹೋಗಿ ಅವಿತುಕೊಂಡಿತು.
ಮೊಟ್ಟೆ ಒಡೆಯಲು ಸುತ್ತಿಗೆ.
ಆಲೂಗಡ್ಡೆ ತಟ್ಟೆಗೆ ಬಿದ್ದರೆ ಗೋಲಿಯ ಸದ್ದು.
ಅಮ್ಮ ಕಟ್ಟಿಕೊಟ್ಟ ಚರ್ಚಿನ ತೀರ್ಥ
ಹೆಪ್ಪುಗಟ್ಟಿ, ಬಾಟಲಿ ಬಿರಿದು ಕಳಚಿಬಿದ್ದು,
ತೀರ್ಥ ಮಾತ್ರ ಬಾಟಲಿಯ ಆಕಾರದಲ್ಲೇ
ಟ್ರಂಕಿನ ಮೇಲೆ ನಿಂತಿತ್ತು.
ರಿಗ್ಜಿನ್ ಅದರ ಗಾಜು ಒರೆಸಿ, ಮೂರು ಸಲ ಒರೆಸಿ,
ಚಹಾದ ಕೆಟಲಿಗೆ ಹಾಕಿದ. ಕುಡಿದೆವು.
ಫಾದರ್‌ಗೆ ಇದನ್ನು ಪಾಪನಿವೇದನೆಯಲ್ಲಿ ಹೇಳಬೇಕಾ
ಅಂತ ನನಗೆ ಇನ್ನೂ ಅನುಮಾನ.

ಚಳಿ ಯಾರನ್ನೂ ಕೊಲ್ಲಲಿಲ್ಲ, ಅದನ್ನು ಹೇಳಬೇಕು.
ಅಡುಗೆಯವನ ಎರಡು ಕಾಲ್ಬೆರಳು ತಗೊಂಡಿತು, ಅಷ್ಟೆ.
ಉಳಿದವರನ್ನೆಲ್ಲ ಒಂದೇ ಬುಖಾರಿಯ ಸುತ್ತ
ಕುರಿಗಳ ಹಾಗೆ ಒತ್ತಿ ಕೂರಿಸಿತು.

ಸೆಕೆ ಬಂದದ್ದು ಜುಲೈನಲ್ಲಿ.
ನಗಬೇಡಿ, ಅಲ್ಲೂ ಬರುತ್ತದೆ.
ಮರವಿಲ್ಲ, ಮೋಡವಿಲ್ಲ, ಬೆವರೂ ಇಲ್ಲ,
ಹುಟ್ಟುವ ಮೊದಲೇ ಆರಿಹೋಗುತ್ತದೆ.
ಬಂಡೆ ಮುಟ್ಟಿದರೆ ದೋಸೆ ಕಾವಲಿ.
ಲಾರಿಯ ಪಕ್ಕ ಕೂತರೆ ನೆರಳಿನ ಕಾಲಿಗೆ ಉಣ್ಣೆಯ ಸಾಕ್ಸು ಬೇಕು,
ಬಿಸಿಲಿನ ಕಿವಿ ಸಿಪ್ಪೆ ಬಿಡುತ್ತದೆ.
ಮೂವತ್ತಾರು ತೋರಿಸಿದ ದಿನ ಸಾಹೇಬರೇ ಬಂದು
ಥರ್ಮಾಮೀಟರನ್ನು ಬೆರಳಿಂದ ಬಡಿದು ನೋಡಿದರು.

ಹೊಳೆ ಬೆಳಿಗ್ಗೆ ಮೊಣಕಾಲಿನವರೆಗೆ.
ಎರಡು ಗಂಟೆಯ ಮೇಲೆ ದಾಟಬಾರದು ಅಂತ
ನನಗೆ ಕಲಿಸಿದವನೇ ರಿಗ್ಜಿನ್.
ಮೇಲಿನ ಹಿಮಕ್ಕೆ ಬಿದ್ದ ಬಿಸಿಲು
ಕೆಳಗೆ ತಲುಪಲು ಅಷ್ಟು ಹೊತ್ತು ಬೇಕು,
ಊರಿನ ಕಾಗದದ ಹಾಗೆ. ತಡ, ಆದರೆ ಬಂದೇ ಬರುತ್ತದೆ.

ಆ ದಿನ ಆಚೆ ದಡದಲ್ಲಿ ಒಂದು ಬರ್ನರ್ ಉಳಿದಿತ್ತು.
ಮರೆತವನು ನಾನು. ನಾಳೆ ತರೋಣ ಅಂದೆ. ಅಂದೆನಾ?
ಅಂದೆ ಅಂತಲೇ ಮೂವತ್ತೇಳು ವರ್ಷದಿಂದ ಹೇಳಿಕೊಂಡಿದ್ದೇನೆ.
ಮೂರೂವರೆ. ನಡುವಿನ ಬಂಡೆಯ ಮೇಲೆ ನಿಂತು
ತಿರುಗಿ ಏನೋ ಕೂಗಿದ. ನೀರಿನ ಸದ್ದು.
ಎರಡು ಮಾತಿನಲ್ಲಿ ಯಾವುದು, ಕೇಳಿಸಲಿಲ್ಲ.

ಏಪ್ರಿಲ್‌ನಲ್ಲಿ ನೀಲಸಂದ್ರದ ಟಾರು ಚಪ್ಪಲಿಗೆ ಅಂಟುವಾಗ,
ಮಧ್ಯಾಹ್ನದ ರಸ್ತೆಯ ಅಂಚಿನಲ್ಲಿ
ಟೂಲ್‌ಬ್ಯಾಗ್ ಹಿಡಿದು ಸುಮ್ಮನೆ ನಿಂತುಬಿಡುತ್ತೇನೆ.
ಬರೀ ಆಟೋಗಳು. ಆದರೂ ವಾಚು ನೋಡುತ್ತೇನೆ.

"ಏನಾಗಿತ್ತು?" ಅಂದರು ಮನೆಯಾಕೆ.
ಥರ್ಮೋಸ್ಟಾಟ್ ಹೋಗಿತ್ತು. ಹೊಸದು ಹಾಕಿದೆ.
ನಲ್ಲಿ ಬಿಟ್ಟು ಕೈಯೊಡ್ಡಿ ನಿಂತೆ.
ಮೊದಲು ಕೊಳವೆಯಲ್ಲಿ ನಿಂತಿದ್ದ ತಣ್ಣೀರು.
ಆಮೇಲೆ ಎಲ್ಲೋ ಗೋಡೆಯೊಳಗಿಂದ
ಬಿಸಿ ಹೊರಟು ಬರುವುದು ಗೊತ್ತಾಗುತ್ತದೆ.
ಕೈ ಹಿಂದಕ್ಕೆ ಎಳೆದುಕೊಂಡೆ.

"ಊಟ ಆಯ್ತಾ?" ದುಡ್ಡು ಎಣಿಸುತ್ತಾ ಕೇಳಿದರು.
ಇನ್ನೂ ಇಲ್ಲಮ್ಮ, ಅಂದೆ.